ಚನ್ನಪಟ್ಟಣದ ಬುಗುರಿ ಕಡಲಿಗಿಳಿದಾಗ

ನಮ್ಮ ಮನೆಯಲ್ಲಿ ನೀರಿನ ವಿಷಯಕ್ಕೆ ಒಂದೇ ಕಾನೂನು. ಮೊಣಕಾಲು ಮುಳುಗುವಷ್ಟು ನೀರಿರುವ ಕಡೆ ಯಾರೂ ಇಳಿಯಕೂಡದು. ಕಾನೂನು ಮಾಡಿದವಳು ನಮ್ಮವ್ವ.

ಅದಕ್ಕೆ ಕಾರಣವಿದೆ. ನನಗೆ ಹತ್ತು ವರ್ಷವಿದ್ದಾಗ ನಂಟರಿಷ್ಟರೆಲ್ಲ ಸೇರಿ ಕನಕಪುರದ ಆಚೆಗಿರುವ ಸಂಗಮಕ್ಕೆ ಹೋಗಿದ್ದೆವು. ಅರ್ಕಾವತಿ ಬಂದು ಕಾವೇರಿಗೆ ಸೇರುವ ಜಾಗ. ಹರಿಗೋಲಿನಲ್ಲಿ ಹೊಳೆ ದಾಟಿ ಮೇಕೆದಾಟು ನೋಡಿಕೊಂಡು ಬಂದು, ಮರದ ನೆರಳಿನಲ್ಲಿ ಊಟ ಮಾಡಿದೆವು. ಅವ್ವ ದಡದಲ್ಲಿ ಕುಳಿತು ಪಾತ್ರೆ ಉಜ್ಜುತ್ತಿದ್ದಳು. ಚಿಕ್ಕಪ್ಪನ ಮಗ, ಹದಿನಾರರ ಹುಡುಗ, ಊರ ಕೆರೆಯಲ್ಲಿ ಮೀನಿನ ಹಾಗೆ ಈಜುತ್ತಿದ್ದವನು, ಅವಳ ಕಣ್ಣೆದುರೇ ನಾಲ್ಕು ಹೆಜ್ಜೆ ನೀರಿಗಿಳಿದ. ಐದನೆಯ ಹೆಜ್ಜೆಗೆ ಕಾಲಡಿಯ ಮರಳು ಜಾರಿತು. ಮಾರನೆಯ ದಿನ ಹರಿಗೋಲಿನವರು ಅವನನ್ನು ಕೆಳಗಿನ ಬಂಡೆಗಳ ನಡುವೆ ಹುಡುಕಿ ತಂದರು. ಆಮೇಲೆ ಅವ್ವ ಸಂಗಮದ ಕಡೆ ಹೋಗಲೇ ಇಲ್ಲ. ಕಣ್ವ ಜಲಾಶಯ ನಮ್ಮೂರಿನ ಪಕ್ಕದಲ್ಲೇ ಇದ್ದರೂ ನಾನು ಅದನ್ನು ನೋಡಿದ್ದು ಕಾಲೇಜು ಸೇರಿದ ಮೇಲೆ, ಅದೂ ಕದ್ದು.

ಹೀಗಿರುವಾಗ ಹೋದ ನವೆಂಬರಿನಲ್ಲಿ ಗೋವಾದಿಂದ ಹಾಸ್ಟೆಲಿನ ಹಳೆಯ ಗೆಳೆಯನ ಫೋನು ಬಂತು. ಅವನೂ ಇನ್ನಿಬ್ಬರೂ ಪಾಲು ಹಾಕಿ ಕೊಂಡ 32 ಅಡಿ ಉದ್ದದ ಹಳೆಯ ಹಾಯಿದೋಣಿಯೊಂದಿದೆ. ‘ಡಿಸೆಂಬರಿನಲ್ಲಿ ಕಾರವಾರದಿಂದ ಮಲ್ಪೆಗೆ ದ್ವೀಪದಿಂದ ದ್ವೀಪಕ್ಕೆ ಹೋಗ್ತಿದ್ದೀನಿ. ಆರು ದಿನ. ಮಗಳಿಗೆ ರಜೆ ತಾನೆ, ಕರ್ಕೊಂಡು ಬಾ’ ಎಂದ. ಮಗಳು ಏಳನೇ ಕ್ಲಾಸು. ಈಜುಕೊಳದಲ್ಲಿ ಈಜು ಕಲಿತಿದ್ದಾಳೆ, ಅವ್ವನಿಗೆ ಗೊತ್ತಿಲ್ಲದ ಹಾಗೆ. ಹೆಂಡತಿಗೆ ಮಾಗಡಿ ಬಸ್ಸು ಹತ್ತಿದರೇ ತಲೆ ಸುತ್ತುತ್ತದೆ, ಆದ್ದರಿಂದ ಅವಳು ಮೊದಲೇ ಕೈ ಮುಗಿದಳು. ಅವ್ವನಿಗೆ ‘ಗೋಕರ್ಣಕ್ಕೆ ಹೋಗ್ತಿದ್ದೀವಿ’ ಎಂದು ಹೇಳಿದೆ. ಎರಡನೆಯ ರಾತ್ರಿ ಗೋಕರ್ಣದ ಎದುರಿಗೇ ಲಂಗರು ಹಾಕುವವರಿದ್ದೆವು, ಹಾಗಾಗಿ ಪೂರ್ತಿ ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅಪ್ಪನಿಗೆ ಮಾತ್ರ ನಿಜ ಗೊತ್ತಿತ್ತು. ಅಪ್ಪ ಬೊಂಬೆ ಕಡೆಯುವವರು. ನಲವತ್ತು ವರ್ಷಕ್ಕೂ ಮೇಲೆ ಆಲೆಮರದ ತುಂಡುಗಳನ್ನು ಪಟ್ಟಡೆಗೆ ಕೊಟ್ಟು, ತಿರುಗುತ್ತಿರುವಾಗಲೇ ಅರಗಿನ ಬಣ್ಣದ ಕಡ್ಡಿ ಒತ್ತಿ, ತಾಳೆಗರಿಯಿಂದ ಹೊಳಪು ತರುವ ಕೆಲಸ. ಎಷ್ಟೋ ದೋಣಿಗಳನ್ನೂ ಮಾಡಿದ್ದಾರೆ. ಸಮುದ್ರ ಮಾತ್ರ ನೋಡಿಲ್ಲ. ಮೊಮ್ಮಗಳು ಒಂದು ಬೇಡಿಕೆ ಇಟ್ಟಳು: ‘ಅಜ್ಜ, ನನಗೊಂದು ದೊಡ್ಡ ಬುಗುರಿ ಬೇಕು. ಮೊಳೆ ಬೇಡ. ತಲೆಗೆ ದಾರ ಕಟ್ಟೋ ಹಾಗೆ ತೂತಿರಬೇಕು. ಕೆಂಪು ಬಣ್ಣ.’ ಯಾಕೆ ಎಂದು ಅಪ್ಪ ಕೇಳಲಿಲ್ಲ. ಮಾಡಿಕೊಟ್ಟರು. ಯಾಕೆಂದು ಮುಂದೆ ಹೇಳುತ್ತೇನೆ.

ಕಾರವಾರದಲ್ಲಿ ದೋಣಿ ನೋಡಿದಾಗ ನನಗೆ ಮೊದಲು ಅನ್ನಿಸಿದ್ದು, ಇದು ಇಷ್ಟು ಸಣ್ಣದೇ? ಒಂದು ಮಿನಿ ಬಸ್ಸಿಗಿಂತ ಸ್ವಲ್ಪ ಉದ್ದ. ಒಳಗೆ ನಾಲ್ಕು ಹಾಸಿಗೆ, ಒಂದು ಗ್ಯಾಸ್ ಒಲೆ, ಬಗ್ಗಿ ಹೋಗಬೇಕಾದ ಬಾಗಿಲು. ಆದರೆ ನೀರಿನ ಕೆಳಗೆ ಕಾಣದ ಒಂದು ಭಾಗವಿದೆ: ಒಂದೂವರೆ ಮೀಟರ್ ಆಳಕ್ಕೆ ಇಳಿಬಿದ್ದ ಭಾರವಾದ ಅಲಗು. ಗಾಳಿ ಹಾಯಿಯನ್ನು ಪಕ್ಕಕ್ಕೆ ತಳ್ಳಿದರೂ ದೋಣಿ ಪಕ್ಕಕ್ಕೆ ಜಾರದೆ ಮುಂದಕ್ಕೆ ಹೋಗುವುದು ಆ ಅಲಗಿನಿಂದ. ದೋಣಿ ವಾಲಿದರೆ ಮತ್ತೆ ನೆಟ್ಟಗೆ ಎಬ್ಬಿಸುವುದೂ ಅದೇ. ಗಾಳಿಗೆ ನೇರ ಎದುರಾಗಿ ಯಾವ ಹಾಯಿಯೂ ಹೋಗಲಾರದು. ಓರೆಯಾಗಿ ಬಲಕ್ಕಷ್ಟು, ಎಡಕ್ಕಷ್ಟು ಹೋಗಿ ಹಾವಿನ ಹಾಗೆ ಮುಂದೆ ಸಾಗಬೇಕು. ನಮಗೆ ಆ ತಾಪತ್ರಯ ಕಡಿಮೆ. ಚಳಿಗಾಲದ ಮಧ್ಯಾಹ್ನಗಳಲ್ಲಿ ಈ ಕರಾವಳಿಯಲ್ಲಿ ಗಾಳಿ ವಾಯವ್ಯದಿಂದ ಬೀಸುತ್ತದೆ, ನಾವು ಹೊರಟಿದ್ದು ದಕ್ಷಿಣಕ್ಕೆ. ಬೆನ್ನ ಮೇಲೆ ಕೈಯಿಟ್ಟು ತಳ್ಳಿದ ಹಾಗೆ.

ಕರಾವಳಿ ಕಾವಲು ಪೊಲೀಸರಿಗೆ ನಮ್ಮೆಲ್ಲರ ಗುರುತಿನ ಚೀಟಿಯ ಪ್ರತಿ, ಹೋಗುವ ದಾರಿ, ತಲುಪುವ ದಿನ ಎಲ್ಲ ಬರೆದುಕೊಟ್ಟು ಹೊರಟೆವು. ಗೆಳೆಯ ಮಗಳನ್ನು ಕೂರಿಸಿಕೊಂಡು ಎರಡು ಮಾತು ಹೇಳಿದ. ಒಂದು, ಮೇಲಿರುವಷ್ಟು ಹೊತ್ತೂ ಲೈಫ್ ಜಾಕೆಟ್ ಮೈಮೇಲಿರಬೇಕು, ಸೆಕೆಯಾದರೂ ಸರಿ. ಎರಡು, ರೇಡಿಯೊದಲ್ಲಿ 16ನೇ ಚಾನೆಲ್ ಯಾವಾಗಲೂ ತೆರೆದಿರಬೇಕು. ಅವಳು ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಯನ್ನು ಕೈಮೇಲೆ ಪೆನ್ನಿನಿಂದ ಬರೆದುಕೊಂಡಳು.

ಮೊದಲ ನಿಲ್ದಾಣ ಕೂರ್ಮಗಡ. ಕಾಳಿ ನದಿ ಸಮುದ್ರ ಸೇರುವಲ್ಲಿ, ಆಮೆ ಮಲಗಿದ ಹಾಗೆ ಕಾಣುವ ಗುಡ್ಡ. ಮಗಳು ನೋಡಿದ ಕೂಡಲೇ, ‘ಅಪ್ಪ, ಸಾವನದುರ್ಗ ಸೊಂಟದವರೆಗೆ ನೀರಲ್ಲಿ ನಿಂತ ಹಾಗಿದೆ’ ಎಂದಳು. ದ್ವೀಪ ಎಂದರೆ ಅಷ್ಟೇ ಅಲ್ಲವೇ, ಕಾಲು ನೆನೆಸಿಕೊಂಡ ಬೆಟ್ಟ. ದೂರದಲ್ಲಿ ದೀಪಸ್ತಂಭವಿರುವ ದೇವಗಡ ಕಾಣುತ್ತಿತ್ತು. ದಕ್ಷಿಣದ ಅಂಜುದೀವ್ ನೌಕಾಪಡೆಯ ವಶದಲ್ಲಿದೆ, ಹತ್ತಿರ ಸುಳಿಯುವಂತಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಊರಿಗೆ ಮರಳುವ ಮುಂಚೆ ಹಡಗು ರಿಪೇರಿ ಮಾಡಿಕೊಂಡು ನೀರು ತುಂಬಿಸಿಕೊಂಡದ್ದು ಅಲ್ಲೇ.

ಕೂರ್ಮಗಡದಲ್ಲಿ ನರಸಿಂಹನ ಗುಡಿಯಿದೆ. ಪುಷ್ಯ ಹುಣ್ಣಿಮೆಗೆ ಜಾತ್ರೆ, ಭಕ್ತರೆಲ್ಲ ದೋಣಿಗಳಲ್ಲೇ ಬರುತ್ತಾರೆ. 2019ರ ಜನವರಿಯಲ್ಲಿ ಆ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ತೀರಿಕೊಂಡರು. ಲಂಗರು ಹಾಕಿ ಅನ್ನ ಸಾರು ಮಾಡುವಾಗ ಗೆಳೆಯ ಇದನ್ನು ಹೇಳಿದ. ನನಗೆ ಅವ್ವ ಪಾತ್ರೆ ಉಜ್ಜುತ್ತಿದ್ದ ದಡ ನೆನಪಾಯಿತು. ಮಗಳ ಜಾಕೆಟ್ಟಿನ ಬೆಲ್ಟು ಸರಿಯಾಗಿದೆಯೇ ಎಂದು ಮತ್ತೊಮ್ಮೆ ಎಳೆದು ನೋಡಿದೆ.

ಎರಡನೆಯ ದಿನ ಬುಗುರಿಯ ಗುಟ್ಟು ಹೊರಬಿತ್ತು. ಯಾವುದೋ ಪುಸ್ತಕದಲ್ಲಿ ಅವಳು ಓದಿದ್ದಳಂತೆ: ಯಂತ್ರಗಳಿಲ್ಲದ ಕಾಲದಲ್ಲಿ ನಾವಿಕರು ಹಡಗಿನ ಮೂತಿಯ ಬಳಿ ಮರದ ತುಂಡೊಂದನ್ನು ಎಸೆದು, ಅದು ಹಿಂಭಾಗ ದಾಟುವವರೆಗೆ ಎಣಿಸಿ ವೇಗ ಲೆಕ್ಕ ಹಾಕುತ್ತಿದ್ದರು ಎಂದು. ದೋಣಿಯ ಕಟಕಟೆಗೆ ಟೇಪು ಹಿಡಿದು 9 ಮೀಟರ್ ದೂರದಲ್ಲಿ ಎರಡು ಗುರುತು ಹಾಕಿದೆವು. ಬುಗುರಿಗೆ ಗಾಳದ ದಾರ ಕಟ್ಟಿ ಮುಂದಿನಿಂದ ನಾನು ಎಸೆದೆ. ಆಲೆಮರ ಹಗುರ, ಕೆಂಪು ಬುಗುರಿ ನೀಲಿ ನೀರಿನ ಮೇಲೆ ಚೆನ್ನಾಗಿ ಕಾಣುತ್ತಿತ್ತು. ಮೊದಲ ಗುರುತಿನಿಂದ ಎರಡನೆಯದಕ್ಕೆ 4 ಸೆಕೆಂಡು. ಎಂದರೆ ಸೆಕೆಂಡಿಗೆ 2.25 ಮೀಟರ್, ಗಂಟೆಗೆ 8.1 ಕಿಲೊಮೀಟರ್. ಅವಳು ಅದನ್ನು 1.852ರಿಂದ ಭಾಗಿಸಿ, ‘4.4 ನಾಟ್’ ಎಂದು ಘೋಷಿಸಿದಳು. ಜಿಪಿಎಸ್ ಪರದೆ 4.7 ಎನ್ನುತ್ತಿತ್ತು.

‘ನಿಂದೂ ಸರಿ, ಅದೂ ಸರಿ’ ಎಂದ ಗೆಳೆಯ. ಬುಗುರಿ ಅಳೆಯುವುದು ನೀರಿನ ಮೇಲಿನ ವೇಗ, ಜಿಪಿಎಸ್ ಅಳೆಯುವುದು ನೆಲದ ಲೆಕ್ಕದ ವೇಗ. ನೀರೇ ನಮ್ಮ ದಿಕ್ಕಿಗೆ ಹರಿಯುತ್ತಿದ್ದರೆ ಎರಡಕ್ಕೂ ವ್ಯತ್ಯಾಸ ಬರುತ್ತದೆ. ಚಲಿಸುವ ರೈಲಿನಲ್ಲಿ ಮುಂದಕ್ಕೆ ನಡೆದ ಹಾಗೆ. ನಾಲ್ಕು ಸೆಕೆಂಡು ಎಂದು ಬಾಯಲ್ಲಿ ಎಣಿಸಿದ್ದರಲ್ಲೂ ಒಂದಿಷ್ಟು ತಪ್ಪಿರಬಹುದು, ಅದು ಬೇರೆ ಮಾತು.

ನಾಟ್ ಎಂದರೆ ಗಂಟು. ಆಮೇಲಿನ ನಾವಿಕರು ಇದೇ ಉಪಾಯವನ್ನು ಬೆಳೆಸಿ, ಮರದ ಹಲಗೆಗೆ ಉದ್ದನೆಯ ಹಗ್ಗ ಕಟ್ಟಿ, ಹಗ್ಗದಲ್ಲಿ ಸುಮಾರು 14.4 ಮೀಟರಿಗೊಂದು ಗಂಟು ಹಾಕಿದರು. ಹಲಗೆಯನ್ನು ಹಿಂದಿನಿಂದ ಬಿಟ್ಟು, 28 ಸೆಕೆಂಡಿನ ಮರಳ ಗಡಿಯಾರ ಖಾಲಿಯಾಗುವುದರೊಳಗೆ ಕೈಯಿಂದ ಎಷ್ಟು ಗಂಟು ಜಾರಿದವೋ ಅಷ್ಟು ನಾಟ್. ‘ಗಂಟೆಗೆ ಎಷ್ಟು ಗಂಟು’ ಎಂದು ಕನ್ನಡದಲ್ಲಿ ಹೇಳಿದರೆ ಇನ್ನೂ ಚೆಂದ ಎಂದು ನಾನು ತಮಾಷೆ ಮಾಡಿದೆ. ‘ಅಪ್ಪ, ನಾಟ್ ಅಂದ್ರೇನೇ ಗಂಟೆಗೆ ಒಂದು ನಾಟಿಕಲ್ ಮೈಲಿ. ಗಂಟೆ ಅಂತ ಮತ್ತೆ ಸೇರಿಸಬಾರದು’ ಎಂದು ಅವಳು ತಿದ್ದಿದಳು.

ಇಷ್ಟು ನಿಧಾನವಾಗಿ ನಾನು ಎಂದೂ ಪ್ರಯಾಣ ಮಾಡಿಲ್ಲ. ಚನ್ನಪಟ್ಟಣದಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವನು ನಾನು. ಹತ್ತು ನಿಮಿಷ ತಡವಾದರೆ ಜೀವ ಚಡಪಡಿಸುತ್ತದೆ. ಇಲ್ಲಿ ಸೈಕಲ್ಲಿನವನೂ ನಮ್ಮನ್ನು ಹಿಂದೆ ಹಾಕುತ್ತಿದ್ದ. ಕಾರವಾರದಿಂದ ಮಲ್ಪೆಗೆ ಸುಮಾರು 90 ನಾಟಿಕಲ್ ಮೈಲಿ, ಅಂದರೆ ಸುಮಾರು 170 ಕಿಲೊಮೀಟರ್. ಅದಕ್ಕೆ ಆರು ದಿನ! ಒಂದು ಕಾಲಕ್ಕೆ ಇದೇ ದಾರಿಯಲ್ಲಿ ಪತ್ತೇಮಾರಿ, ಮಚವೆಗಳು ಮಂಗಳೂರಿನ ಹೆಂಚು ಹೇರಿಕೊಂಡು ಮುಂಬಯಿವರೆಗೆ ಹೋಗುತ್ತಿದ್ದವು, ಹಾಯಿ ಮಾತ್ರ ನಂಬಿಕೊಂಡು.

ಮಗಳ ತಲೆಯಲ್ಲಿ ಮಾತ್ರ ತಾರಿಣಿ ಕುಳಿತಿದ್ದಳು. ನೌಕಾಪಡೆಯ ಆರು ಮಹಿಳೆಯರು 2017ರ ಸೆಪ್ಟೆಂಬರಿನಲ್ಲಿ ಗೋವಾದಿಂದ ಹೊರಟು, 56 ಅಡಿಯ ತಾರಿಣಿ ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿ 2018ರ ಮೇ ತಿಂಗಳಲ್ಲಿ ಮರಳಿದರಲ್ಲ, ಆ ಕಥೆ. ಅದೇ ದೋಣಿಯಲ್ಲಿ 2024ರ ಅಕ್ಟೋಬರಿನಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು ಹೊರಟು ಮುಂದಿನ ಮೇ ತಿಂಗಳಲ್ಲಿ ಬಂದರು. ‘ಇಬ್ಬರೇ, ಅಪ್ಪ. ಒಬ್ಬರು ಮಲಗಿದರೆ ಇನ್ನೊಬ್ಬರು ಎದ್ದಿರಬೇಕು.’ ಈ ಮಾತು ಮೂರನೆಯ ರಾತ್ರಿ ನೆನಪಾಗಬೇಕಿತ್ತು. ಆಗಲಿಲ್ಲ.

ಮೂರನೆಯ ದಿನ ಹೊನ್ನಾವರದ ಎದುರಿನ ಬಸವರಾಜದುರ್ಗ. ಕೆಳದಿ ಅರಸರ ಕಾಲದ್ದೆಂದು ಹೇಳುವ ಕೋಟೆಗೋಡೆ ನೀರಿನಂಚಿನಿಂದಲೇ ಏಳುತ್ತದೆ. ಸುತ್ತ ಕಪ್ಪು ಬಂಡೆ, ಮೇಲೆ ಒಣ ಹುಲ್ಲು. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಿದ್ದವನು ಊರಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆನೆಂದು ಬರೆದಿದ್ದಾನೆ. ‘ಹತ್ತು ಕಡಿಮೆ ಯಾಕೆ?’ ಎನ್ನುವುದು ನಮ್ಮ ಹುಡುಗಿಯ ಪ್ರಶ್ನೆ.

ಸಂಜೆಯ ಗಾಳಿ ವಾಯವ್ಯದಿಂದ ಬರುತ್ತಿತ್ತು. ಆದ್ದರಿಂದ ದ್ವೀಪದ ಪೂರ್ವಕ್ಕೆ, ಅದರ ಮರೆಯಲ್ಲಿ ಲಂಗರು ಹಾಕಿದೆವು. ಆಳ 6 ಮೀಟರ್. ಲಂಗರು ದೋಣಿಯನ್ನು ಹಿಡಿಯುವುದು ತನ್ನ ತೂಕದಿಂದ ಎಂದು ನಾನು ತಿಳಿದಿದ್ದೆ. ಅಲ್ಲ. ಅದು ನೇಗಿಲಿನ ಹಾಗೆ ತಳದ ಕೆಸರಿಗೆ ಕಚ್ಚಿಕೊಳ್ಳಬೇಕು. ಕಚ್ಚಬೇಕಾದರೆ ಹಗ್ಗ ನೆಲಕ್ಕೆ ಮಲಗಿದ ಹಾಗೆ ಓರೆಯಾಗಿ ಎಳೆಯಬೇಕು. ಅದಕ್ಕೇ ಆಳದ ಐದರಿಂದ ಏಳು ಪಟ್ಟು ಹಗ್ಗ ಬಿಡುತ್ತಾರೆ. ಗಿಡ್ಡ ಹಗ್ಗ ಮೇಲಕ್ಕೆ ಎಳೆಯುತ್ತದೆ, ಕಿತ್ತುಬರುತ್ತದೆ. ಲೆಕ್ಕದ ಪ್ರಕಾರ 30 ಮೀಟರಾದರೂ ಬಿಡಬೇಕಿತ್ತು. ಗಾಳಿ ತೀರಾ ಮೆತ್ತಗಿತ್ತು, ನಮಗೆ ಹಸಿವಾಗಿತ್ತು, 20 ಮೀಟರಿಗೇ ಸಾಕೆಂದು ಕಟ್ಟಿಬಿಟ್ಟೆವು.

ಅಂದು ಅಮಾವಾಸ್ಯೆಯ ಹತ್ತಿರದ ಕತ್ತಲು. ಬಕೆಟ್ಟಿನಲ್ಲಿ ನೀರೆತ್ತಿ ಸುರಿದರೆ ನೀಲಿ ಕಿಡಿಗಳು ಹಾರುತ್ತಿದ್ದವು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ಕದಡಿದಾಗ ಬೆಳಕು ಬಿಡುತ್ತವೆ. ಮಗಳು ಬುಗುರಿಯನ್ನು ನೀರಿಗಿಳಿಸಿ ಎಳೆದಾಡುತ್ತ ಬೆಳಕಿನ ಗೆರೆ ಬರೆಯುತ್ತ ಬಹಳ ಹೊತ್ತು ಕುಳಿತಿದ್ದಳು. ಹತ್ತು ಗಂಟೆಗೆ ಮೂವರೂ ಮಲಗಿದೆವು. ಮೂವರೂ!

ಹಗಲು ನೆಲ ಬೇಗ ಕಾಯುತ್ತದೆ, ಬಿಸಿ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲಿನ ಗಾಳಿ ನುಗ್ಗುತ್ತದೆ. ರಾತ್ರಿ ನೆಲವೇ ಬೇಗ ತಣ್ಣಗಾಗುವುದರಿಂದ ಎಲ್ಲ ತಿರುವುಮುರುವು. ಘಟ್ಟದ ಕಡೆಯಿಂದ ತಂಗಾಳಿ ಕಡಲಿಗೆ ಇಳಿಯುತ್ತದೆ. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿ ಎರಡು ಅಂಕ ತೆಗೆದುಕೊಂಡಿದ್ದೆ. ಅದರ ಅರ್ಥ ತಿಳಿದದ್ದು ಆ ರಾತ್ರಿ ಮೂರು ಗಂಟೆಗೆ.

‘ಅಪ್ಪ, ಅಲೆ ಸದ್ದು ಹತ್ತಿರ ಕೇಳ್ತಿದೆ’ ಎಂದು ಮಗಳು ಅಲುಗಿಸಿ ಎಬ್ಬಿಸಿದಳು. ಮೇಲೆ ಹೋಗಿ ನೋಡಿದರೆ ದೋಣಿ ಪೂರ್ತಿ ತಿರುಗಿ ನಿಂತಿದೆ. ಗಾಳಿ ಪೂರ್ವದಿಂದ ಜೋರಾಗಿ ಬೀಸುತ್ತಿದೆ. ಸಂಜೆ ನಮಗೆ ಮರೆಯಾಗಿದ್ದ ದ್ವೀಪ ಈಗ ನಮ್ಮ ಬೆನ್ನ ಹಿಂದಿದೆ, ಗಾಳಿ ನಮ್ಮನ್ನು ಅದರ ಬಂಡೆಗಳ ಕಡೆಗೇ ತಳ್ಳುತ್ತಿದೆ. ಲಂಗರು ಒಂದು ದಿಕ್ಕಿಗೆ ಕಚ್ಚಿದ್ದದ್ದು, ಎಳೆತ ಎದುರು ದಿಕ್ಕಿಗೆ ತಿರುಗಿದ್ದೇ ಕಿತ್ತುಕೊಂಡಿತ್ತು. ಟಾರ್ಚು ಬಿಟ್ಟರೆ ಬಂಡೆಯ ಮೇಲೆ ನೊರೆ ಒಡೆಯುವುದು ಬೆಳ್ಳಗೆ ಕಂಡಿತು. ನಮಗೂ ಅದಕ್ಕೂ ನಡುವೆ ನಾಲ್ಕೈದು ದೋಣಿಯುದ್ದ ಇದ್ದಿರಬೇಕು.

ಗೆಳೆಯ ಡೀಸೆಲ್ ಇಂಜಿನ್ ಚಾಲೂ ಮಾಡಿ ನನ್ನ ಕೈಗೆ ಚುಕ್ಕಾಣಿ ಕೊಟ್ಟು ಮುಂದಕ್ಕೆ ಓಡಿದ. ‘ಹೊನ್ನಾವರದ ದೀಪಕ್ಕೆ ನೇರ ಹಿಡಿ, ನಿಧಾನ’ ಎಂದಷ್ಟೇ ಹೇಳಿದ. ಅವನು ಕೈಯಿಂದ ಹಗ್ಗ ಎಳೆದುಕೊಳ್ಳಬೇಕು, ನಾನು ಅದರ ಮೇಲೆ ದೋಣಿ ಹಾಯಿಸದೆ ಮುಂದೆ ಹೋಗಬೇಕು. ಮಗಳು ಆಳ ತೋರಿಸುವ ಮೀಟರಿನ ಮುಂದೆ ಕುಳಿತು ಓದತೊಡಗಿದಳು. ‘ನಾಲ್ಕು… ಮೂರು ಮುಕ್ಕಾಲು… ಮೂರೂವರೆ…’ ನಮಗೆ ಬೇಕಾದದ್ದು ಒಂದೂವರೆ. ಮೂರು ಎಂದಾಗ ನನ್ನ ಕಾಲು ನಡುಗುತ್ತಿತ್ತು. ಅವಳ ದನಿ ನಡುಗಲಿಲ್ಲ. ನನಗೆ ಕಂಡದ್ದು ಬಂಡೆಯಲ್ಲ, ಸಂಗಮದ ಮರಳು. ‘ಮೂರು… ಮೂರು… ಮೂರೂ ಕಾಲು…’ ಆಮೇಲೆ ನಾಲ್ಕು, ಐದು. ಲಂಗರು ಮೇಲೆ ಬಂತು.

ದ್ವೀಪದಿಂದ ಸಾಕಷ್ಟು ದೂರ ಹೋಗಿ ಏಳು ಮೀಟರ್ ಆಳದಲ್ಲಿ ಮತ್ತೆ ಲಂಗರು ಇಳಿಸಿ 40 ಮೀಟರ್ ಹಗ್ಗ ಬಿಟ್ಟೆವು. ಬೆಳಗಾಗುವವರೆಗೆ ಗೆಳೆಯ ಮತ್ತು ನಾನು ಸರದಿಯ ಮೇಲೆ ಎದ್ದಿದ್ದೆವು. ಅವನು ಒಂದೇ ಒಂದು ಮಾತಾಡಿದ: ‘ತಪ್ಪು ನಂದು.’ ನಾನೂ ಹಗ್ಗ ಕಟ್ಟಿದವನೇ.

ಅಲ್ಲಿಂದ ಮುಂದಿನದೆಲ್ಲ ಸುಖದ ಪ್ರಯಾಣ, ಹೆಚ್ಚು ಹೇಳುವುದಿಲ್ಲ. ಮುರುಡೇಶ್ವರದ ಶಿವ ಕಡಲಿನಿಂದ ಬೆರಳಿನಷ್ಟು ಕಂಡ. ನೇತ್ರಾಣಿಯ ಕಡಿದಾದ ಬಂಡೆಗಳ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದುಗಳು ಸುತ್ತುತ್ತಿದ್ದವು. ನೌಕಾಪಡೆ ಗುರಿ ಹೊಡೆಯುವ ಅಭ್ಯಾಸಕ್ಕೆ ಬಳಸಿದ ದ್ವೀಪವದು, ನಾವು ದೂರದಿಂದಲೇ ನೋಡಿ ಭಟ್ಕಳಕ್ಕೆ ಹೋದೆವು. ಐದನೆಯ ರಾತ್ರಿ ಗಂಗೊಳ್ಳಿಯಲ್ಲಿ ಮೀನುಗಾರರೊಬ್ಬರು ಬಂಗುಡೆ ಕೊಟ್ಟರು, ದುಡ್ಡು ಮುಟ್ಟಲಿಲ್ಲ.

ಆರನೆಯ ದಿನ ಮಲ್ಪೆಯಲ್ಲಿ ದೋಣಿ ನಿಲ್ಲಿಸಿ, ಪ್ರವಾಸಿಗಳ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದೆವು. ಅಲ್ಲಿನ ಬಂಡೆಗಳು ಯಾರೋ ಅಳತೆ ಹಿಡಿದು ಕಡೆದು ಜೋಡಿಸಿದ ಕಂಬಗಳಂತಿವೆ, ಐದು ಮೂಲೆ, ಆರು ಮೂಲೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ, ತಣ್ಣಗಾಗುತ್ತ ಕುಗ್ಗಿ, ಒಣಗಿದ ಕೆರೆಯ ಕೆಸರು ಬಿರಿದ ಹಾಗೆ ಬಿರಿದು ಆದದ್ದು. ಎಲ್ಲರೂ ‘ಎಷ್ಟು ಹಳೇದು!’ ಎಂದು ಬೆರಗಾಗುತ್ತಿದ್ದಾಗ ನನಗೆ ಒಳಗೊಳಗೇ ಊರಿನ ಜಂಬ. ನಮ್ಮ ರಾಮನಗರದ ಬಂಡೆಗೆ, ಊರಿನ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರಲ್ಲ ಅದಕ್ಕೆ, ಸುಮಾರು 250 ಕೋಟಿ ವರ್ಷ. ಶೋಲೆ ಸಿನಿಮಾದ ಗಬ್ಬರ್ ಸಿಂಗ್ ಕುಳಿತದ್ದು ಅಂಥ ಅಜ್ಜಂದಿರ ಮೇಲೆ.

ಮನೆಗೆ ಬಂದ ದಿನ ಮಗಳು ಬುಗುರಿಯನ್ನು ಅಜ್ಜನ ಕೈಗೆ ಕೊಟ್ಟಳು. ಕೆಂಪು ಅರಗಿನ ಮೇಲೆ ಬೂದಿ ಬಳಿದ ಹಾಗೆ ಬಿಳಿಯ ಮಬ್ಬು ಕವಿದಿತ್ತು. ಅರಗು ಹೆಚ್ಚು ಹೊತ್ತು ನೀರಲ್ಲಿದ್ದರೆ ಹಾಗಾಗುತ್ತದೆ. ಅಪ್ಪ ತಿರುಗಿಸಿ ನೋಡಿ ಏನೂ ಹೇಳದೆ ಜಗಲಿಯ ಮೇಲಿಟ್ಟರು. ಅವ್ವ ಎತ್ತಿಕೊಂಡಳು. ದಾರದ ತೂತಿನ ಸುತ್ತ ಉಪ್ಪು ಕಟ್ಟಿತ್ತು. ಬೆರಳಿಗೆ ತಾಗಿಸಿ ನಾಲಿಗೆಗಿಟ್ಟು ನೋಡಿದಳು.

‘ಗೋಕರ್ಣದಾಗೆ ಬುಗುರೀನ ಸಮುದ್ರದಾಗೆ ಆಡ್ಸುದ್ರೇನವ್ವ?’

ಮಗಳು ನನ್ನ ಮುಖ ನೋಡಿದಳು. ಆಮೇಲೆ ಎಲ್ಲ ಹೇಳಿಬಿಟ್ಟಳು, ಮೂರು ಗಂಟೆಯ ಕಥೆಯನ್ನೂ ಸೇರಿಸಿ. ಅವ್ವ ಪೂರ್ತಿ ಕೇಳಿ ಎದ್ದು ಒಳಗೆ ಹೋದಳು. ಎರಡು ದಿನ ನನ್ನೊಂದಿಗೆ ಮಾತಿಲ್ಲ. ಮೊಮ್ಮಗಳಿಗೆ ಮಾತ್ರ ದಿನಾ ರಾತ್ರಿ ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಬೇಕಾದದ್ದಕ್ಕಿಂತ ಜಾಸ್ತಿ ಹೊತ್ತು.

ಮೂರನೆಯ ದಿನ ರಾತ್ರಿ ಮುದ್ದೆ ಇಡುತ್ತ ಕೇಳಿದಳು, ‘ಹಗ್ಗ ಎಷ್ಟು ಬುಟ್ಟಿದ್ರಿ?’

‘ಇಪ್ಪತ್ತು ಮೀಟ್ರು.’

‘ಆಮ್ಯಾಕೆ?’

‘ನಲವತ್ತು.’

‘ಮೊದ್ಲೇ ಬುಡಕ್ಕೇನಾಗಿತ್ತು ದಾಡಿ?’ ಎಂದಳು. ಸಾರು ಬಡಿಸಿದಳು.

ಪಡಸಾಲೆಯಲ್ಲಿ ಅಪ್ಪ ಬುಗುರಿಯನ್ನು ಮತ್ತೆ ಪಟ್ಟಡೆಗೆ ಕೊಟ್ಟು ಹಳೆಯ ಅರಗು ಕೆರೆಯುತ್ತಿದ್ದರು. ಮಗಳು ಪಕ್ಕದಲ್ಲಿ ಕುಳಿತು, ಈ ಸಲ ಹಳದಿ ಇರಲಿ ಅಜ್ಜ, ಹಳದಿ ಇನ್ನೂ ದೂರಕ್ಕೆ ಕಾಣುತ್ತೆ, ಎನ್ನುತ್ತಿದ್ದಳು.